ದುಂಡಗಿನ ಮೂರು ಸೊನ್ನೆ

ನಮ್ಮಲ್ಲಿ ಅಂಕಿಯ ಸೊನ್ನೆಗೂ ಸೊನ್ನೆ ಅನ್ನುತ್ತಾರೆ, ಅಕ್ಷರದ ಪಕ್ಕ ಬರುವ ಅನುಸ್ವಾರಕ್ಕೂ ಸೊನ್ನೆ ಅನ್ನುತ್ತಾರೆ. ಬೆಟಗೇರಿಯ ಪ್ರೆಸ್ಸಿನಲ್ಲಿ ನಾನೂ ನನ್ನ ಗಂಡನೂ ಅಕ್ಕಪಕ್ಕ ಕೂತು ಟೈಪು ಮಾಡುತ್ತಿದ್ದಾಗ ಜಗಳ ಹತ್ತುತ್ತಿದ್ದದ್ದು ಇದೊಂದಕ್ಕೇ. ಅವರು ಅನುಸ್ವಾರದ ಜಾಗದಲ್ಲಿ ಅಂಕಿಯ ಸೊನ್ನೆ ಒತ್ತುತ್ತಿದ್ದರು. ಹಾಳೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ತಿದ್ದಿ ತಿದ್ದಿ ನನಗೆ ತಲೆ ಕೆಟ್ಟರೆ, "ಸೊನ್ನಿ ಅಂದ್ರ ಸೊನ್ನಿ. ಓದಾಕ ಬರ್ತೈತೊ ಇಲ್ಲೊ?" ಅಂದು ಚಹಾಕ್ಕೆ ಎದ್ದು ಹೋಗುತ್ತಿದ್ದರು.

ಹೋದ ವರ್ಷ ಎದೆನೋವೆಂದು ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ನನಗೆ ಅಳು ಬರಲಿಲ್ಲ. ಗಟ್ಟಿ ಹೆಂಗಸು ಅಂದರು ಜನ. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಉಂಡದ್ದು ರುಚಿ ಹತ್ತುತ್ತಿರಲಿಲ್ಲ, ಅಷ್ಟೇ. ಮರುವಾರವೇ ಕೆಲಸಕ್ಕೆ ಬಂದು ಕೂತೆ.

ವರ್ಷದ ತಿಥಿ ಹತ್ತಿರ ಬಂದಾಗ ಅಡರಕಟ್ಟಿಯಿಂದ ಅತ್ತೆ ಬಂದರು. ಗೋಡೆಗೆ ಹಾಕಲು ಮಗನ ಫೋಟೊ ಬೇಕಾಗಿತ್ತು. ಆಧಾರ್ ಕಾರ್ಡಿನದನ್ನು ತೋರಿಸಿದೆ.

"ಅದು ಬ್ಯಾಡವ್ವಾ, ಅದರಾಗ ನನ್ನ ಮಗಾ ಕಳ್ಳನಂಗ ಕಾಣ್ತಾನ" ಅಂದರು.

ಖರೇನೇ. ಒಳ್ಳೆಯ ಫೋಟೊ ಒಂದಿತ್ತು. ಸ್ಟುಡಿಯೊದಲ್ಲಿ ತೆಗೆಸಿ, ಪ್ರೆಸ್ಸಿನ ಕಂಪ್ಯೂಟರಿನಲ್ಲಿ ತಮ್ಮ ಹೆಸರಿನ ಫೈಲಾಗಿ ಇಟ್ಟಿರುವುದಾಗಿ ನನ್ನ ಗಂಡನೇ ಹೇಳಿದ್ದರು. ನಾನು ಅದನ್ನು ನೋಡಿರಲಿಲ್ಲ. ಹೆಸರು ಹೊಡೆದು ಹುಡುಕಿದರೆ ಏನೂ ಬರುತ್ತಿರಲಿಲ್ಲ. ಸ್ಟುಡಿಯೊ ಮುಚ್ಚಿ ಅಲ್ಲಿ ಮೊಬೈಲ್ ಅಂಗಡಿ ಆಗಿತ್ತು. ಅತ್ತೆ ದಿನಾ ಫೋನು ಮಾಡಿ ಸಿಕ್ಕಿತೇ ಎಂದು ಕೇಳುತ್ತಿದ್ದರು. ನನಗಂತೂ ಗಂಡನ ಮುಖ ಸರಿಯಾಗಿ ನೆನಪಿಗೇ ಬರುತ್ತಿರಲಿಲ್ಲ. ಅದೊಂದಕ್ಕೆ ಮಾತ್ರ ಹೆದರಿದ್ದೆ.

ಅದೇ ಹೊತ್ತಿಗೆ ಮುಂಡಗೋಡದ ಟಿಬೆಟನ್ ಕ್ಯಾಂಪಿನ ಭಿಕ್ಷುವೊಬ್ಬರು ತಕರಾರು ಹೊತ್ತು ಬಂದರು. ಅವರ ಪ್ರಾರ್ಥನೆ ಪುಸ್ತಕಕ್ಕೆ ಪುಟದ ಅಂಕಿ ಹಾಕಿಕೊಟ್ಟವಳು ನಾನೇ. ಟಿಬೆಟನ್ ಕೀಲಿಮಣೆ ನನಗೆ ಬಾರದು. ಒಂದೊಂದೇ ಅಂಕಿಯನ್ನು ಅವರ ಫೈಲಿನಿಂದ ಎತ್ತಿ ಅಂಟಿಸಿದ್ದೆ. ಸೊನ್ನೆ ಮಾತ್ರ ನಮ್ಮದರ ಹಾಗೇ ದುಂಡಗಿತ್ತು, ಹೀಗಾಗಿ ಕನ್ನಡದ್ದೇ ಒತ್ತಿದ್ದೆ. ಅಚ್ಚಾದ ಪುಸ್ತಕ ಚೆನ್ನಾಗಿಯೇ ಇತ್ತು. ಆದರೆ ಮೊಬೈಲಿನಲ್ಲಿ ಓದುವವರು ಹತ್ತನೇ ಪುಟ ಹುಡುಕಿದರೆ ಸಿಗುವುದಿಲ್ಲವಂತೆ. ಹಾಳೆಯ ಮೇಲೆ ಇದೆಯಲ್ಲ, ಕಣ್ಣಿಗೆ ಕಾಣುವುದಿಲ್ಲವೇ ಎಂದು ಗದರಿದೆ. ಅವರು ಸಿಟ್ಟಾಗಲಿಲ್ಲ.

"ಅಕ್ಕಾರ, ನಿಮ್ಮ ಸೊನ್ನಿ ಬ್ಯಾರೆ, ನಮ್ಮ ಸೊನ್ನಿ ಬ್ಯಾರೆ ರೀ."

ನೋಡೇಬಿಡೋಣ ಎಂದು, ಒಂದೊಂದು ಅಕ್ಷರಕ್ಕೂ ಒಂದೊಂದು ಸಂಕೇತ ಕೊಟ್ಟಿರುವ ಯುನಿಕೋಡ್ ಕೋಷ್ಟಕ ತೆರೆದೆ. ಯಂತ್ರ ಆಕಾರ ನೋಡುವುದಿಲ್ಲ, ಸಂಕೇತ ನೋಡುತ್ತದೆ. ಟಿಬೆಟನ್ ಸೊನ್ನೆಯದು 'ಸೊನ್ನೆ ಎಫ್ ಎರಡು ಸೊನ್ನೆ'. ಅಲ್ಲಿಂದ ಒಂಬತ್ತರವರೆಗೆ ಸಾಲಾಗಿ ಕೂತಿವೆ. ಅವುಗಳ ಬೆನ್ನಿಗೇ ಗೆರೆ ಎಳೆದ ಅರ್ಧದ ಅಂಕಿಗಳ ಇನ್ನೊಂದು ಸಾಲು. ಅದು ಯಾತಕ್ಕೆಂದು ಭಿಕ್ಷುವಿಗೂ ಗೊತ್ತಿರಲಿಲ್ಲ. ಕನ್ನಡದ ಸೊನ್ನೆ 'ಸೊನ್ನೆ ಸಿ ಇ ಆರು'. ಅನುಸ್ವಾರ 'ಸೊನ್ನೆ ಸಿ ಎಂಟು ಎರಡು'. ಮೂರೂ ದುಂಡಗೆ, ಯಂತ್ರದೊಳಗೆ ಒಂದಕ್ಕೊಂದು ಸಂಬಂಧವೇ ಇಲ್ಲ.

ಸೊನ್ನೆಗಳನ್ನೆಲ್ಲ ಬದಲಿಸಿ ಕೊಟ್ಟೆ. ಭಿಕ್ಷು ಅಲ್ಲೇ ನಿಂತು ಮೊಬೈಲಿನಲ್ಲಿ ಹತ್ತನೇ ಪುಟ ಹುಡುಕಿದರು, ಸಿಕ್ಕಿತು. ಅವರು ಹೋದ ಮೇಲೆ ಮತ್ತೆ ಫೋಟೊ ಹುಡುಕಲು ಕೂತೆ. ನನ್ನ ಗಂಡನ ಹೆಸರಿನಲ್ಲೂ ಒಂದು ಸೊನ್ನೆ ಇದೆ. ಹುಡುಕುವಾಗ ಪ್ರತಿ ಸಲವೂ ಅದನ್ನು ನಾನು ಸರಿಯಾಗಿ ಹೊಡೆದಿದ್ದೆ.

ಈ ಸಲ ತಪ್ಪಾಗಿ ಹೊಡೆದೆ. ಅವರು ಹೊಡೆಯುತ್ತಿದ್ದ ಹಾಗೆ, ಅಂಕಿಯ ಸೊನ್ನೆ.

ಫೋಟೊ ಬಂತು. ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕೂದಲು, ನಗು ತಡೆದುಕೊಂಡ ಬಾಯಿ. ನನ್ನ ಪಕ್ಕದ ಕುರ್ಚಿ ಖಾಲಿ ಇತ್ತು. ವರ್ಷವಿಡೀ ಬಾರದ ಅಳು ಆಗ ಬಂತು.

"ಬರ್ತೈತ್ರಿ," ಅಂದೆ. "ಓದಾಕ ಬರ್ತೈತಿ."