ಕಡೇ ನುಡಿಯ ಹೆಸರು

ನನ್ನನ್ನು ಲಾವಣಿಕಾರನೆಂದು ಕಡೂರು, ತರೀಕೆರೆ ಸೀಮೆಯೆಲ್ಲ ಕೊಂಡಾಡುತ್ತಿತ್ತು. ಬೇಡ ಎನ್ನಲು ನಾನೇನು ಸಂನ್ಯಾಸಿಯೇ? ಹಾಡುವ ಮೊದಲು ಮೀಸೆ ತೀಡಿ, ಪೇಟ ಸರಿಮಾಡಿ, ನಾಲ್ಕು ಸಲ ಕೆಮ್ಮಿ, ಜನ ಎದ್ದು ಹೋಗುವಷ್ಟು ಹೊತ್ತು ಮಾಡುತ್ತಿದ್ದೆ. ಕಟ್ಟಿದ ಪದಗಳು ನೂರಾರು. ಜನ ಕೇಳುತ್ತಿದ್ದುದು ಒಂದೇ. ಆ ಒಂದು ನನ್ನದಲ್ಲ.

ಅಜ್ಜಂಪುರದಲ್ಲಿ ಎರಡು ಮೇಳಗಳ ಪಂದ್ಯವಿತ್ತು. ಸೋತವನು ತನ್ನ ಡಪ್ಪಿಗೆ ಕಟ್ಟಿದ ತುರಾಯಿ ಬಿಚ್ಚಿ ಗೆದ್ದವನಿಗೆ ಕೊಡಬೇಕು. ಹೊಸ ಪದಕ್ಕಾಗಿ ಮೂರು ದಿನ ಎಲೆಯಡಿಕೆ ಅಗಿದೆ. ಬಾಯಿ ಕೆಂಪಾಯಿತೇ ಹೊರತು ಪದ ಹುಟ್ಟಲಿಲ್ಲ. ನಾಲ್ಕನೆಯ ಬೆಳಿಗ್ಗೆ ಹೆಂಡತಿ ರಾಗಿ ಬೀಸುತ್ತಾ, ಬೀರೂರಿನಲ್ಲಿ ರೈಲು ಹತ್ತಿ ಹೋಗಿ ತಿರುಗಿ ಬಾರದ ತನ್ನ ಅಣ್ಣನ ಮೇಲೆ ತಾನೇ ಕಟ್ಟಿದ ಪದ ಹೇಳಿಕೊಳ್ಳುತ್ತಿದ್ದಳು. ಬಾಗಿಲ ಹಿಂದೆ ನಿಂತು ಪೂರಾ ಕಲಿತೆ.

ಪದದ ಕಡೇ ನುಡಿಯಲ್ಲಿ, ಎಂದರೆ ಕೊನೆಯ ಚರಣದಲ್ಲಿ, ಕಟ್ಟಿದವರ ಹೆಸರು ಬರಬೇಕೆಂಬುದು ನಮ್ಮ ಪದ್ಧತಿ, ಅದೇ ಅಂಕಿತ. ಕೂಡಿದ ಜನದ ಮುಂದೆ ನಾಚಿಕೆಯಿಲ್ಲದೆ ನನ್ನ ಹೆಸರನ್ನೇ ಹಾಕಿದೆ. ಪಂದ್ಯ ನೋಡಲು ಬಂದಿದ್ದ ಅಮಲ್ದಾರರು ಕಣ್ಣೊರೆಸಿಕೊಂಡರು. ತುರಾಯಿ ಗೆದ್ದು, ಮುಟ್ಠಾಳ ನಾನು, ಅದೇ ಪದ ಹಾಡಿಕೊಂಡೇ ಮನೆಯೊಳಗೆ ಬಂದೆ.

“ಹೋದೋನು ನಮ್ಮಣ್ಣ, ಪದ ನಂದು. ಕಡೇಲಿ ನಿಮ್ಮ ಹೆಸರು ಯಾಕೆ ಬಂತು?” ಎಂದಳು.

“ಹೆಂಗಸಿನ ಅಂಕಿತ ಹಾಡಿದ್ರೆ ಮೇಳದೋರು ನಗ್ತಾರೆ ಕಣೇ.”

“ಸರಿ ಬಿಡಿ,” ಎಂದವಳು ಅಂದಿನಿಂದ ಬೀಸುವಾಗ ಹಾಡಲಿಲ್ಲ. ಬರೀ ಕಲ್ಲಿನ ಸದ್ದು ಕೇಳುತ್ತಾ ಮುದುಕನಾದೆ. ಕೊನೆಗೆ ತಡೆಯಲಾರದೆ ಅವಳ ಅಂಕಿತ ಹಾಕಿ ಹಾಡತೊಡಗಿದೆ. ಆದರೆ ಹಲ್ಲುದುರಿದವನ ಹಾಡು ಯಾರಿಗೆ ಬೇಕು? ಅಷ್ಟರಲ್ಲಿ ಆ ಪದ ಊರೂರಿನ ಹಾಡುಗಾರರ ಬಾಯಿಗೆ ಹೋಗಿತ್ತು. ಅವರಿಗಾದರೂ ಹೇಳಿ ತಿದ್ದಿಸೋಣವೆಂದು ಅವಳನ್ನೂ ಕರೆದುಕೊಂಡು ಬೀರೂರು ಸಂತೆಗೆ ಹೋದೆ.

ಅಲ್ಲೊಬ್ಬ ಡಪ್ಪು ಹಿಡಿದು ಅದನ್ನೇ ಹಾಡುತ್ತಿದ್ದ. ಮುಗಿಸುತ್ತಲೇ ಹತ್ತಿರ ಹೋಗಿ, “ಇದು ಹೆಂಗಸು ಕಟ್ಟಿದ ಪದ ಕಣಪ್ಪ, ಅವಳ ಹೆಸರು ಹಾಕಿ ಹಾಡು,” ಎಂದೆ.

ಅವನಿಗೆ ನನ್ನ ಗುರುತಿಲ್ಲ. “ಅಂಕಿತ ಬದಲಾಯ್ಸೋದಾ? ಕಟ್ಟಿದೋರಿಗೆ ದ್ರೋಹ ಕಣಜ್ಜ ಅದು. ಅಂಥ ಕೆಲ್ಸ ಮಾಡೋನು ಮನುಷ್ಯನಾ?”

“ಅಲ್ಲಪ್ಪ,” ಎಂದೆ.

ಅವನು ಡಪ್ಪು ಬಡಿದು, ಕಡೇ ನುಡಿಯನ್ನು ಇನ್ನೊಮ್ಮೆ ನನ್ನ ಹೆಸರು ಒತ್ತಿ ಹಾಡಿದ. ಹೆಂಡತಿ ಸೆರಗು ಬಾಯಿಗಿಟ್ಟು ನಕ್ಕಳು. ನನಗೆ ಅಳು ಬಂದುಬಿಟ್ಟಿತು.