ಕೆಟ್ಟೈತಿ ಅನ್ನು, ಬಂದ್ ಅನಬ್ಯಾಡ

"ನಮ್ಮ ಮನಿತನಕ್ಕ ವಿದ್ಯಾ ಹತ್ತೂದಿಲ್ಲ, ಬಿಡವ್ವಾ" ಎಂದವರು ನಮ್ಮ ಕಾಕಾ, ಅಪ್ಪನ ತಮ್ಮ. ಮೊನ್ನೆ ವಿಜಯಪುರದಿಂದ ತಿಕೋಟಾಕ್ಕೆ ಹೊರಟಿದ್ದೆ. ಅಥಣಿ ರಸ್ತೆಯಲ್ಲಿ ಯಾವುದೋ ಗಿರಣಿಯಿಂದ ಬಿಸಿ ಜೋಳದ ಹಿಟ್ಟಿನ ವಾಸನೆ, ಜೊತೆಗೆ ಸುಟ್ಟ ಬೆಲ್ಟಿನ ಕಮಟು, ಮೂಗಿಗೆ ಬಡಿಯಿತು. ಗಾಡಿ ನಿಲ್ಲಿಸಿದೆ. ಕಾಕಾ ಎದುರಿಗೇ ಬಂದು ನಿಂತಂತಾಯಿತು...

ತಿಕೋಟಾದಲ್ಲಿ ಅವರ ಹಿಟ್ಟಿನ ಗಿರಣಿ ಇತ್ತು. ಹಳೆಯ ಮೋಟರು, ಆಗಾಗ ಕೈಕೊಡುತ್ತಿತ್ತು. ಆದರೆ ಇನ್ನೊಂದು ಬೆಲ್ಟು, ಇನ್ನೊಂದು ಸ್ಟಾರ್ಟರು ಯಾವಾಗಲೂ ತಯಾರು. ಹೆಂಗಸರು ಬುಟ್ಟಿ ಇಳಿಸಿ ಎರಡು ಮಾತಾಡುವುದರೊಳಗೆ ಗಿರಣಿ ಮತ್ತೆ ತಿರುಗುತ್ತಿತ್ತು. "ಯಾವಾಗ ಬಂದ್ರೂ ನಿಮ್ಮ ಗಿರಣಿ ಬಂದ್ ನೋಡ್ರಿ" ಎಂದು ಯಾರಾದರೂ ಕೆಣಕಿದರೆ ಸಿಡುಕುತ್ತಿದ್ದರು: "ಕೆಟ್ಟೈತಿ ಅನ್ನು. ಬಂದ್ ಐತಿ ಅನಬ್ಯಾಡ!"

ನಮ್ಮಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಬಿ.ಇ. ಮುಗಿಸಿದೆ, ಆದರೂ ವಿದ್ಯೆ ಹತ್ತಿತೆಂದು ಕಾಕಾ ಒಪ್ಪಲಿಲ್ಲ. ಪಿಎಚ್.ಡಿ.ಗೆ ಸೇರಿದಾಗ ವಿಷಯ ಏನೆಂದು ಕೇಳಿದರು. ಸೂರ್ಯನೊಳಗೆ ಆಗುವಂತೆ ಪರಮಾಣುಗಳನ್ನು ಬೆಸೆದು ಶಕ್ತಿ ತೆಗೆಯುವ ರಿಯಾಕ್ಟರ್. ಅದರ ದೊಡ್ಡ ಆಯಸ್ಕಾಂತಗಳಿಗೆ ಕರೆಂಟು ಕೊಡುವ ಘಟಕಗಳು ಎಷ್ಟು ಕಾಲ ಕೆಡದೆ ನಡೆಯುತ್ತವೆ, ಬೇಕೆಂದಾಗ ಎಷ್ಟು ಸಿದ್ಧವಿರುತ್ತವೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ ಎಂದೆ.

ಬಿದ್ದು ಬಿದ್ದು ನಕ್ಕರು. "ಕರೆಂಟ್ ಮಾಡೂ ಮಷೀನಿಗೆ ಮೊದಲ ನೀನ ಕರೆಂಟ್ ಕೊಡಬೇಕೇನು? ಚಲೋ ಐತಿ ನಿನ್ನ ಸಾಲಿ!"

"ನಗ್ರಿ ಕಾಕಾ. ಮುಗಿಸಿ ಸರ್ಟಿಫಿಕೇಟ್ ತಂದು ನಿಮ್ಮ ಕೈಯಾಗ ಇಡ್ತೀನಿ."

"ತಾ ನೋಡೂಣು. ಅವತ್ತ ಓಣಿ ಮಂದಿ ಮುಂದ ಸೋತೆ ಅಂತೀನಿ."

ಆ ಮಾತನ್ನು ನಾನು ಬಿಡಲಿಲ್ಲ. ಅವರ ಬಾಯಿಂದ ಅದನ್ನು ಕೇಳಲೇಬೇಕಿತ್ತು.

ಕೊನೆಯ ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರೊಬ್ಬರು ಹುಬ್ಬು ಗಂಟಿಕ್ಕಿದರು. ಘಟಕಗಳು ಪದೇ ಪದೇ ಕೆಡುತ್ತವೆ ಎಂದು ಬರೆದಿದ್ದೀರಿ, ಮತ್ತೆ ಪೂರೈಕೆ ಸದಾ ಸಿದ್ಧ ಎನ್ನುತ್ತೀರಲ್ಲ ಎಂದರು. ನಾನು ತಗ್ಗಲಿಲ್ಲ. ಕೆಡುವುದು ಬೇರೆ, ಬಂದ್ ಇರುವುದು ಬೇರೆ ಸರ್, ಎಂದೆ. ಒಂದು ಕೆಟ್ಟ ಕೂಡಲೇ ಹೆಚ್ಚುವರಿ ಘಟಕ ಕೆಲಸಕ್ಕಿಳಿದು, ಕೆಟ್ಟದ್ದು ಬೇಗ ರಿಪೇರಿಯಾದರೆ ರಿಯಾಕ್ಟರಿಗೆ ಕರೆಂಟು ತಪ್ಪುವುದಿಲ್ಲ. ತಿಕೋಟಾದ ಗಿರಣಿಯ ಉದಾಹರಣೆಯನ್ನೇ ಕೊಟ್ಟೆ, ನಾಚಿಕೆಪಡದೆ. ಅವರು ತಲೆಯಾಡಿಸಿ ಮುಂದಿನ ಪುಟ ತಿರುವಿದರು.

ಪದವಿ ಬಂತು. ಆದರೆ ಅಷ್ಟರಲ್ಲಿ ಕಾಕಾ ಹೋಗಿಬಿಟ್ಟಿದ್ದರು... ಯಾರ ಮುಂದೆ ಗೆಲ್ಲಬೇಕಿತ್ತೋ ಅವರೇ ಇಲ್ಲ. ಇಲ್ಲದಿದ್ದರೇನು, ಆಡಿದ ಮಾತು ಆಡಿದ್ದೇ ಎಂದು ಮೊನ್ನೆ ಸರ್ಟಿಫಿಕೇಟ್ ಹಿಡಿದುಕೊಂಡು ಅವರ ಮನೆಗೇ ಹೋದೆ. ಗಿರಣಿ ಇದ್ದ ಕೋಣೆಯಲ್ಲಿ ಈಗ ಮೊಬೈಲ್ ಅಂಗಡಿ. ಕಾಕಾನ ಹೆಂಡತಿ, ನಮ್ಮ ಕಾಕು, ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದರು. ಎರಡೂ ಕೈಯಿಂದ ಇಸಿದುಕೊಂಡರು, ಬಹಳ ಹೊತ್ತು ನೋಡಿದರು.

"ಭಾಳ ತಡಾ ಮಾಡಿದಿ ಯವ್ವಾ. ನಿನ್ನ ಮುಂದ ಸೋಲಬೇಕಂತ ಅವರಿಗೆ ಭಾಳ ಆಸೆ ಇತ್ತು."