ಎಣಿಕೆಯ ದಿನ ಡಾಲರ್ ಇಟ್ಟುಕೊಂಡಿದ್ದ ಮೇಷ್ಟ್ರು

ಲೆಕ್ಕದ ಮೇಷ್ಟ್ರಿಗೆ ಮತ ಎಣಿಸುವ ಕೆಲಸ ಹೊಸದಲ್ಲ. ಹಿಂದಿನ ಮೂರು ಚುನಾವಣೆಗಳಲ್ಲಿ ಎಣಿಸಿದ್ದರು. ಆದೇಶ ಕೈಗೆ ಬಂದ ಕೂಡಲೇ ಉಳಿದ ಮೇಷ್ಟ್ರುಗಳಿಗೆ ಎಲ್ಲಿಲ್ಲದ ಸೊಂಟನೋವು ಶುರುವಾಗಿ ಡಾಕ್ಟರ ಚೀಟಿಗೆ ಓಡಾಡುತ್ತಿದ್ದರೆ, ಇವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೆಳಿಗ್ಗೆ ಆರಕ್ಕೇ ಹಾಜರು. ಬೆರಳು ಒದ್ದೆ ಮಾಡಿಕೊಳ್ಳುವ ಸ್ಪಂಜನ್ನೂ ಮನೆಯಿಂದಲೇ ತರುತ್ತಿದ್ದರು, ಏಕೆಂದರೆ ಸರ್ಕಾರದ ಸ್ಪಂಜು ಯಾವಾಗಲೂ ಒಣಗಿರುತ್ತದೆ. ಐವತ್ತು ಮತಪತ್ರಗಳ ಕಟ್ಟು ಅವರ ಕೈಯಲ್ಲಿ ಒಂದು ನಿಮಿಷಕ್ಕೆ ಮುಗಿಯುತ್ತಿತ್ತು.

ಈ ಸಲವೂ ಆರಕ್ಕೇ ಬಂದರು. ಆದರೆ ಗೇಟಿನಲ್ಲಿ ಫೋನನ್ನು ಕಾಗದದ ಲಕೋಟೆಗೆ ಹಾಕಿ, ಪೊಲೀಸಿನವನ ಕೈಗೆ ಕೊಟ್ಟು, ಟೋಕನ್ ಪಡೆದ ಮೇಲೂ ಆ ಲಕೋಟೆಯನ್ನೇ ತಿರುತಿರುಗಿ ನೋಡಿದರು. ಆ ಫೋನಿನಲ್ಲಿ ಡಾಲರ್ ಇತ್ತು. ಡಾಲರ್ ಅವರದು, ಅದನ್ನು ಕೊಂಡ ದುಡ್ಡು ಅಕ್ಕನದು.

ಅಕ್ಕ ಹೊಲಿಗೆಯವಳು. ಅಪ್ಪ ತೀರಿಕೊಂಡಾಗ ಓದು ಬಿಟ್ಟು ಯಂತ್ರದ ಮುಂದೆ ಕೂತವಳು ತಮ್ಮನನ್ನು ಓದಿಸಿದಳು, ಅವನಿಗೆ ಮದುವೆ ಮಾಡಿಸಿದಳು, ತಾನು ಮಾತ್ರ ಆ ಯಂತ್ರದ ಮುಂದಿಂದ ಏಳಲಿಲ್ಲ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಔಷಧಿ ಅಂಗಡಿಯ ಪಕ್ಕ, ಬಾಡಿಗೆಯ ಒಂದು ಸಣ್ಣ ಮಳಿಗೆ. ಮೊದಲು ಮನೆಯಲ್ಲಿ, ಆಮೇಲೆ ಇಪ್ಪತ್ತೆರಡು ವರ್ಷ ಅಲ್ಲೇ ಹೊಲಿದಳು. ಉಳಿಸಿದ್ದನ್ನೆಲ್ಲ ತಮ್ಮನ ಖಾತೆಗೆ ಹಾಕಿಸುತ್ತಿದ್ದಳು. "ನನಗೆ ಬ್ಯಾಂಕು ಗೀಂಕು ತಿಳಿಯಲ್ಲಪ್ಪ, ನಿನ್ನ ಹತ್ರಾನೇ ಇರ್ಲಿ" ಎಂಬುದು ಅವಳ ಮಾತು.

ಮೂರು ತಿಂಗಳ ಹಿಂದೆ ಮಳಿಗೆಯ ಮಾಲೀಕರು ಅದನ್ನು ಮಾರುವುದಾಗಿ ಹೇಳಿದರು. ಮೊದಲು ಅಕ್ಕನಿಗೆ, ಅವಳಿಗೆ ಆಗದಿದ್ದರೆ ಔಷಧಿ ಅಂಗಡಿಯವನಿಗೆ. ಅವನೋ ಕೊಳ್ಳಲು ತುದಿಗಾಲಲ್ಲಿ ನಿಂತಿದ್ದ. ಅಕ್ಕನ ಹತ್ತಿರ ಬೆಲೆಯ ಮುಕ್ಕಾಲು ಪಾಲು ಇತ್ತು. ಉಳಿದ ಕಾಲು ಪಾಲನ್ನು ಹೇಗೆ ಹೊಂದಿಸುವುದೆಂದು ಮೇಷ್ಟ್ರು ತಲೆ ಕೆಡಿಸಿಕೊಂಡು ಕೂತಿದ್ದಾಗ ಸ್ಟಾಫ್ ರೂಮಿನಲ್ಲಿ ಡ್ರಾಯಿಂಗ್ ಮೇಷ್ಟ್ರು ಫೋನು ತೆರೆದು, ಅದರಲ್ಲೇ ಡಾಲರ್ ಕೊಂಡು ಮಾರಿಸುವ ಒಂದು ಕಂಪನಿಯನ್ನು ತೋರಿಸಿದರು.

"ಚುನಾವಣೆ ಬಂತು ಅಂದ್ರೆ ಡಾಲರ್‌ಗೆ ಸುಗ್ಗಿ ಮೇಷ್ಟ್ರೇ. ಈ ಸರ್ಕಾರ ಬಿದ್ರೆ ಹೊರಗಿನ ದೊಡ್ಡ ದುಡ್ಡಿನವರು ಹೆದರಿ ಇಲ್ಲಿಂದ ಕಾಲು ಕೀಳ್ತಾರೆ. ನಮ್ಮ ನೋಟು ಬೀಳುತ್ತೆ, ಡಾಲರ್ ಏಳುತ್ತೆ."

"ಸರ್ಕಾರ ಬೀಳದೇ ಇದ್ರೆ?"

"ಈ ರೂಮಲ್ಲಿ ಒಬ್ಬರಾದ್ರೂ ಹಳಬರಿಗೆ ಓಟು ಹಾಕ್ತೀನಿ ಅಂದಿದ್ದಾರಾ, ಹೇಳಿ?"

ಹಳಬರೆಂದರೆ ಆಳುವ ಪಕ್ಷ, ಹೊಸಬರೆಂದರೆ ಎದುರಾಳಿಗಳು. ಪಿಂಚಣಿಗೆ ಕತ್ತರಿ ಹಾಕಿದ ಹಳಬರ ಹೆಸರೆತ್ತಿದರೆ ಸ್ಟಾಫ್ ರೂಮು ಉರಿದು ಬೀಳುತ್ತಿತ್ತು. ಒಂದು ಕೋಣೆಯವರನ್ನು ಕೇಳಿ ಇಡೀ ಊರನ್ನು ಅಳೆಯಬೇಡಿ ಎಂದು ಪ್ರತಿ ವರ್ಷ ಹತ್ತನೇ ತರಗತಿಗೆ ಬೋರ್ಡು ಬಡಿದು ಹೇಳುವ ಮನುಷ್ಯ, ಆ ಒಂದು ಕೋಣೆಯನ್ನು ನೋಡಿಯೇ ಇಡೀ ದೇಶವನ್ನು ಅಳೆದುಬಿಟ್ಟರು. ಅಕ್ಕನಿಗೆ ಒಂದು ಮಾತು ಹೇಳಲಿಲ್ಲ. ಪೂರ್ತಿ ಹಣ ತಂದು ಕೈಗಿಟ್ಟಾಗ ಅವಳ ಮುಖ ಹೇಗಾಗಬಹುದು ಎಂದು ನೆನೆದುಕೊಂಡೇ ಖುಷಿಪಟ್ಟರು.

ಆ ವ್ಯಾಪಾರದ ರೀತಿ ಹೀಗೆ. ನಮ್ಮದು ಒಂದು ಪಾಲು ದುಡ್ಡಾದರೆ, ಕಂಪನಿ ತನ್ನ ಇಪ್ಪತ್ತನಾಲ್ಕು ಪಾಲು ಸೇರಿಸಿ ಡಾಲರ್ ಕೊಳ್ಳುತ್ತದೆ. ಡಾಲರ್ ನೂರಕ್ಕೆ ಒಂದೂವರೆಯಷ್ಟು ಏರಿದರೆ ಅಕ್ಕನ ಕಾಲು ಪಾಲು ಹುಟ್ಟಿ, ಮೇಲೆ ಸ್ವಲ್ಪ ಉಳಿಯುತ್ತಿತ್ತು. ನೂರಕ್ಕೆ ನಾಲ್ಕರಷ್ಟು ಇಳಿದರೆ ಎಲ್ಲ ಸೊನ್ನೆ. ಸೊನ್ನೆಯಾಗುವ ಮೊದಲೇ ಕಂಪನಿ ತನ್ನ ದುಡ್ಡು ಉಳಿಸಿಕೊಳ್ಳಲು ತಾನೇ ಮಾರಿಬಿಡುತ್ತದೆ. ಸ್ವಲ್ಪ ಇಳಿದಾಗಲೇ ಮಾರಿಬಿಡು ಎಂದು ಫೋನಿಗೆ ಮೊದಲೇ ಹೇಳಿಡುವ ದಾರಿಯೂ ಇತ್ತು. ಡ್ರಾಯಿಂಗ್ ಮೇಷ್ಟ್ರು ಹಾಗೆ ಮಾಡಿ ಎಂದು ಹೇಳಿದ್ದರು ಕೂಡ. ಇವರು ನಕ್ಕುಬಿಟ್ಟರು. ಇವರ ಬಳಿ ಬೇರೆ ಯಾರ ಬಳಿಯೂ ಇಲ್ಲದ ಒಂದು ಉಪಾಯವಿತ್ತು.

ಮೂರು ಚುನಾವಣೆಗಳಲ್ಲೂ ಹನ್ನೊಂದು ಗಂಟೆಗೆ ಎಣಿಸುವವರನ್ನು ಟೀಗೆಂದು ಹೊರಗೆ ಬಿಟ್ಟಿದ್ದರು. ಗೇಟಿನಲ್ಲಿ ಫೋನು ಈಸಿಕೊಂಡು ಎಲ್ಲರೂ ಮನೆಗೆ ಮಾತಾಡುತ್ತಿದ್ದರು. ಅಷ್ಟು ಹೊತ್ತಿಗೆ ಮೇಜಿನ ಮೇಲಿನ ರಾಶಿ ನೋಡಿ ಗಾಳಿ ಎತ್ತ ಬೀಸುತ್ತಿದೆಯೆಂದು ತಿಳಿಯುತ್ತದೆ. ಊರಿಗೆಲ್ಲ ಸಂಜೆ ತಿಳಿಯುವುದು ತನಗೆ ಹನ್ನೊಂದಕ್ಕೇ ತಿಳಿದಿರುತ್ತದೆ, ಕೆಟ್ಟರೆ ಅಲ್ಲೇ ನಿಂತು ಮಾರಿದರಾಯಿತು ಎಂದು ಮೇಷ್ಟ್ರು ಮನಸ್ಸಿನಲ್ಲೇ ಬೀಗಿದ್ದರು.

ಎಂಟಕ್ಕೆ ಎಣಿಕೆ ಶುರುವಾಯಿತು. ಅದು ಆಟದ ಒಳಾಂಗಣ. ತಂತಿಬಲೆಯ ಆಚೆ ಪಕ್ಷದವರು ಕತ್ತು ಚಾಚಿ ನಿಂತಿದ್ದರು, ಈಚೆ ಹದಿನಾಲ್ಕು ಮೇಜುಗಳು. ಮೇಷ್ಟ್ರ ಮೇಜಿಗೆ ಅಂಚೆ ಕಚೇರಿಯ ಗುಮಾಸ್ತೆಯೊಬ್ಬರು ಜೊತೆಗಾರ್ತಿ. ಪೆಟ್ಟಿಗೆ ಸುರಿಯುವ ಮೊದಲು ಮೇಲಧಿಕಾರಿ ಮೈಕು ಹಿಡಿದರು.

"ಈ ಸಲ ಹೊಸ ಆದೇಶ. ಕೊನೇ ಹಾಳೆಗೆ ಸಹಿ ಬೀಳೋವರೆಗೂ ಯಾರೂ ಗೇಟು ದಾಟೋ ಹಾಗಿಲ್ಲ. ಟೀ ನಿಮ್ಮ ಮೇಜಿಗೇ ಬರುತ್ತೆ."

"ಪರವಾಗಿಲ್ವೇ, ನಮಗೂ ಮರ್ಯಾದೆ ಬಂತು" ಎಂದು ಗುಮಾಸ್ತೆ ನಕ್ಕರು. ಮೇಷ್ಟ್ರು ಗೇಟಿನ ಕಡೆ ತಿರುಗಿ ನೋಡಿದರು.

ಒಂಬತ್ತೂವರೆಗೆಲ್ಲ ಎಡಗಡೆಯ ರಾಶಿ ಎದ್ದಿತ್ತು. ಎಡಗಡೆ ಹಳಬರದು. ಬಲಗಡೆಯ ರಾಶಿ ಎಷ್ಟು ಹೊತ್ತಾದರೂ ಟ್ರೇಯ ಅಂಚು ಮುಟ್ಟಲಿಲ್ಲ. ಪಕ್ಕದ ಮೇಜಿನಲ್ಲೂ ಅದೇ ಕಥೆ, ಅದರಾಚೆಯದರಲ್ಲೂ ಅದೇ. ತಂತಿಬಲೆಯ ಹಿಂದೆ ಹಳಬರ ಕಡೆಯವರು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಳ್ಳತೊಡಗಿದರು. ಮೇಷ್ಟ್ರು ಎದ್ದು ಮೇಲಧಿಕಾರಿಯ ಬಳಿ ಹೋದರು.

"ಸರ್, ಐದೇ ನಿಮಿಷ. ನಮ್ಮಕ್ಕನಿಗೆ ಹುಷಾರಿಲ್ಲ, ಒಂದು ಫೋನು ಮಾಡಿ ಬಂದ್ಬಿಡ್ತೀನಿ."

"ಹೌದಾ? ವಿಳಾಸ ಕೊಡಿ, ಪೊಲೀಸರನ್ನ ಕಳಿಸಿ ವಿಚಾರಿಸ್ತೀನಿ."

"ಅಷ್ಟೇನಿಲ್ಲ ಬಿಡಿ ಸರ್" ಎಂದು ವಾಪಸು ಬಂದು ಕೂತರು. ಸುಳ್ಳಿಗೂ ಅಕ್ಕನೇ ಬೇಕಾದಳಲ್ಲ ಎಂದು ತಮ್ಮ ಮೇಲೇ ಅಸಹ್ಯವಾಯಿತು.

ಹತ್ತು ದಾಟಿತು. ಎಣಿಸುವುದನ್ನು ನಿಲ್ಲಿಸುವಂತಿಲ್ಲ. ಒಂದೊಂದು ಕಟ್ಟಿಗೂ ರಬ್ಬರ್ ಹಾಕುವಾಗ ಅಕ್ಕನ ಒಂದೊಂದು ವರ್ಷ ಹೋಯಿತು ಎನ್ನಿಸುತ್ತಿತ್ತು. ಹಾಳು ಬೆರಳುಗಳು ಮಾತ್ರ ಎಂದಿನ ಚುರುಕಿನಲ್ಲೇ ಓಡುತ್ತಿದ್ದವು.

"ಮೇಷ್ಟ್ರೇ, ಅದು ಹಳಬರದು" ಎಂದು ಗುಮಾಸ್ತೆ ಮೆಲ್ಲಗೆ ಹೇಳಿದರು.

ನೋಡಿದರೆ ಹಳಬರ ಒಂದು ಮತಪತ್ರವನ್ನು ಬಲಗಡೆಯ ಟ್ರೇಗೆ ಹಾಕಿದ್ದರು. ಬೇಕೆಂದೇ ಹಾಕಿದರೋ, ಕೈತಪ್ಪಿ ಬಿತ್ತೋ, ಅವರಿಗೇ ಗೊತ್ತಿಲ್ಲ. ಒಂದು ಚೀಟಿ ಅತ್ತಿತ್ತ ಆದರೆ ದೇಶವೇನೂ ಮಗ್ಗುಲು ಬದಲಿಸುವುದಿಲ್ಲ. ಮೇಷ್ಟ್ರು ಅದನ್ನೆತ್ತಿ ಎಡಗಡೆಗೆ ಹಾಕಿದರು.

ಹನ್ನೊಂದೂವರೆಗೆ ಟೀ ಬಂತು, ಮೇಜಿಗೇ. ಆರುವವರೆಗೂ ಲೋಟ ಹಿಡಿದು ಕೂತಿದ್ದರು. ಮತ ಎಣಿಸುವವನಿಗೇ ಎಲ್ಲಕ್ಕಿಂತ ಮೊದಲು ತಿಳಿಯುತ್ತದೆ ಎಂದುಕೊಂಡಿದ್ದ ಜಾಣ, ಆ ಹೊತ್ತಿನಲ್ಲಿ ಡಾಲರ್ ಬೆಲೆ ತಿಳಿಯದ ಕೆಲವೇ ಕೆಲವರಲ್ಲಿ ಒಬ್ಬರಾಗಿದ್ದರು. ಹೊರಗೆ ಟಿವಿಗಳು ಬೆಳಿಗ್ಗೆ ಒಂಬತ್ತರಿಂದ ಕೂಗುತ್ತಿದ್ದವು.

ಸಹಿ ಹಾಕಿ ಹೊರಬಿದ್ದಾಗ ಸಂಜೆ ಐದು. ಹಳಬರು ಹಿಂದೆಂದೂ ಇಲ್ಲದಷ್ಟು ದೊಡ್ಡದಾಗಿ ಗೆದ್ದಿದ್ದರು. ಟೋಕನ್ ಕೊಟ್ಟು ಫೋನು ಪಡೆದು, ಗೋಡೆಗೆ ಒರಗಿ ತೆರೆದರು. ಒಂಬತ್ತು ನಲವತ್ತಕ್ಕೆ ಕಂಪನಿಯ ಎಚ್ಚರಿಕೆ. ಹತ್ತೂ ಕಾಲಿಗೆ, ಕೂಡಲೇ ಹಣ ಸೇರಿಸಿ ಎಂಬ ಇನ್ನೊಂದು. ಹತ್ತು ಐವತ್ತಕ್ಕೆ ಮಾರಾಟ ಮುಗಿದಿತ್ತು. ಉಳಿದದ್ದರಲ್ಲಿ ಒಂದು ಜೊತೆ ಚಪ್ಪಲಿ ಬರುತ್ತಿತ್ತು. ಅದರ ಕೆಳಗೆ ಅಕ್ಕ ನಾಲ್ಕು ಸಲ ಫೋನು ಮಾಡಿದ್ದು ಕಂಡಿತು. ನೋಡುತ್ತಿರುವಾಗಲೇ ಐದನೆಯದು ಬಂತು.

"ಎಲ್ಲಿದ್ದೀಯೋ? ನೆಟ್ಟಗೆ ಅಂಗಡಿಗೆ ಬಾ. ಬೇಗ ಬಾ" ಎಂದವಳು ಇಟ್ಟುಬಿಟ್ಟಳು. ದನಿಯಲ್ಲಿ ನಗು ಇತ್ತು.

ಗೆದ್ದವರ ಲಾರಿಗಳು ಹಾರನ್ ಬಾರಿಸುತ್ತಾ ರಸ್ತೆ ತುಂಬಿದ್ದವು, ಬಸ್ಸಿರಲಿಲ್ಲ. ಮೇಷ್ಟ್ರು ನಡೆದೇ ಹೋದರು. ಅಂಗಡಿಯಲ್ಲಿ ಗಿರಾಕಿಯ ಕುರ್ಚಿಯ ಮೇಲೆ ಮಾಲೀಕರು ಕೂತಿದ್ದರು. ಮಡಿಲಲ್ಲಿ ಕಾಗದಪತ್ರದ ಫೈಲು.

"ಬಂದ ನೋಡಿ" ಎಂದಳು ಅಕ್ಕ. "ಅವನಿಗೆ ನೀವೇ ಹೇಳಿ."

"ಏನಿಲ್ಲ ಮೇಷ್ಟ್ರೇ. ಇಪ್ಪತ್ತೆರಡು ವರ್ಷ ಒಂದು ದಿನ ಬಾಡಿಗೆ ತಪ್ಪಿಸಿದವರಲ್ಲ ನಿಮ್ಮಕ್ಕ. ಇಷ್ಟೇ ಇರೋದು ಅಂತ ಬಾಯಿಬಿಟ್ಟು ಹೇಳಿದ್ರು. ಇರೋದನ್ನೇ ಕೊಡಿ, ಸಾಕು ಅಂದೆ. ನಾಳೆ ಬ್ಯಾಂಕು ತೆರೆಯೋ ಹೊತ್ತಿಗೆ ಬರ್ತೀರಲ್ಲ?"

"ಬರ್ತಾನೆ. ಲೆಕ್ಕದ ವಿಷಯದಲ್ಲಿ ನಮ್ಮವನು ತಪ್ಪೋನಲ್ಲ."

"ಅಕ್ಕಾ" ಎಂದರು ಮೇಷ್ಟ್ರು.

ಅಕ್ಕ ಅವರ ಮುಖ ನೋಡಿದಳು. ನಗು ಇನ್ನೂ ತುಟಿಯ ಮೇಲಿರುವಾಗಲೇ ಅವಳಿಗೆ ಅರ್ಥವಾಯಿತು. ಆ ಮುಖವನ್ನು ಹಾಲುಹಲ್ಲಿನಿಂದ ಕಂಡವಳು ಅವಳು. ಕತ್ತರಿ ಕೆಳಗಿಟ್ಟು ಮಾಲೀಕರ ಕಡೆ ತಿರುಗಿದಳು.

"ನಾಳೆ ಆಗಲ್ಲ ಅಂತ ಕಾಣುತ್ತೆ ಸ್ವಾಮಿ. ನಮಗೋಸ್ಕರ ಕಾಯಬೇಡಿ. ಔಷಧಿ ಅಂಗಡಿಯವರಿಗೇ ಮಾತು ಕೊಟ್ಬಿಡಿ."

ಮಾಲೀಕರು ಇಬ್ಬರನ್ನೂ ಒಂದೊಂದು ಸಲ ನೋಡಿ, ಫೈಲು ಎತ್ತಿಕೊಂಡು ಹೋದರು.

"ಎಲ್ಲಾನಾ?" ಎಂದು ಕೇಳಿದಳು ಅಕ್ಕ.

"ಎಲ್ಲಾ."

"ಯಾವಾಗ?"

"ಇವತ್ತೇ. ಒಳಗೆ ಎಣಿಸ್ತಾ ಇದ್ದೆ ಅಕ್ಕಾ, ಏನೂ ಮಾಡೋಕಾಗ್ಲಿಲ್ಲ."

ಮೇಷ್ಟ್ರಿಗೆ ತಡೆಯಲಾಗಲಿಲ್ಲ. ನಲವತ್ತಾರು ವರ್ಷದ ಗಂಡಸು, ನೂರಾರು ಮಕ್ಕಳಿಗೆ ಲೆಕ್ಕ ಕಲಿಸಿದವರು, ಹೊಲಿಗೆ ಯಂತ್ರದ ಮೇಲೆ ಬಗ್ಗಿ ಬಿಕ್ಕಿ ಬಿಕ್ಕಿ ಅತ್ತರು. ಅಕ್ಕ ಸೂಜಿಯ ಕೆಳಗಿದ್ದ ರವಿಕೆಯನ್ನು ಮೆಲ್ಲಗೆ ಎಳೆದುಕೊಂಡಳು.

"ಆ ಕಡೆ ನಿಂತು ಅಳು. ಇದು ಗಿರಾಕಿ ಬಟ್ಟೆ."

ಬೈದಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರು. ಅವಳು ಬೈಯಲಿಲ್ಲ. ರವಿಕೆಯ ಅಂಚು ಮಡಿಸಿ, ಯಂತ್ರದ ಮೆಟ್ಟಿನ ಮೇಲೆ ಕಾಲಿಟ್ಟಳು. ಕಾಲು ಮೆಟ್ಟಲಿಲ್ಲ. ತಲೆ ಎತ್ತದೆ ಹೇಳಿದಳು.

"ಹೋಗು, ಔಷಧಿ ಅಂಗಡಿಯವನನ್ನ ಕೇಳ್ಕೊಂಡು ಬಾ. ಯಂತ್ರ ಇಟ್ಕೊಳ್ಳೋಕೆ ಬಾಗಿಲ ಹೊರಗಾದ್ರೂ ಒಂಚೂರು ಜಾಗ ಕೊಡ್ತಾನಾ ಅಂತ."

ಮೇಷ್ಟ್ರು ಕಣ್ಣೊರೆಸಿಕೊಂಡು, ಕೇಳಲು ಹೋದರು.